ಚಿನ್ನವಿದ್ದದ್ದು ನಿಜ, ಷೇರಿನ ಮಾತು ಬೇರೆ

ಕೋಲಾರ ತಾಲ್ಲೂಕಿನ ಹೋಳೂರು ನನ್ನ ಊರು. ಟೊಮೆಟೊ ಧಾರಣೆ, ಡೇರಿ ಹಾಲಿನ ದರ, ರೇಷ್ಮೆಗೂಡಿನ ಬೆಲೆ ಇವು ನಮ್ಮ ಕಡೆಯ ಕಟ್ಟೆಗಳ ಹಳೆಯ ಮಾತುಗಳು. ಎರಡು ಮೂರು ವರ್ಷಗಳಿಂದ ಅವುಗಳ ಜೊತೆಗೆ ಚಿಪ್ ಕಂಪನಿಗಳ ಷೇರಿನ ಮಾತೂ ಸೇರಿಕೊಂಡಿದೆ. ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಿಗೆ ಪಾಳಿಯ ಮೇಲೆ ಹೋಗಿಬರುವ ನನ್ನ ವಯಸ್ಸಿನ ಹಲವರ ಫೋನಿನಲ್ಲಿ ಡಿಮ್ಯಾಟ್ ಖಾತೆಯಿದೆ. ಅವರ ವಾದ ಸರಳ: ಎಐ ಬಂದೇ ಬರುತ್ತದೆ, ಚಿಪ್ ಇಲ್ಲದೆ ಎಐ ಇಲ್ಲ, ಆದ್ದರಿಂದ ಚಿಪ್ ಷೇರು ಏರಲೇಬೇಕು. ಮೊದಲೆರಡು ಮಾತುಗಳನ್ನು ನಾನೂ ಒಪ್ಪುತ್ತೇನೆ. ಮೂರನೆಯದನ್ನು ಕೇಳಿದಾಗಲೆಲ್ಲ, ಕೋಲಾರದ ಚಿನ್ನದ ಗಣಿಗಳ ಚರಿತ್ರೆಯನ್ನು ಓದುತ್ತಿರುವ ನನಗೆ 1880ರ ಲಂಡನ್ ನೆನಪಾಗುತ್ತದೆ.

ನ್ಯೂಜಿಲೆಂಡಿನ ಯುದ್ಧದಿಂದ ಮರಳಿ ಬೆಂಗಳೂರಿನ ದಂಡು ಪ್ರದೇಶದಲ್ಲಿ ನೆಲೆಸಿದ್ದ ಮೈಕೆಲ್ ಲ್ಯಾವೆಲ್ ಎಂಬ ಸೈನಿಕನಿಗೆ 1875ರಲ್ಲಿ ಕೋಲಾರದ ನೆಲ ತೋಡುವ ಪರವಾನಗಿ ಸಿಕ್ಕಿತು. ಕೈಯಲ್ಲಿ ಸಾಕಷ್ಟು ಹಣವಿಲ್ಲದ ಆತ ಕೆಲವೇ ವರ್ಷಗಳಲ್ಲಿ ಆ ಹಕ್ಕನ್ನು ಬೆರೆಸ್‌ಫರ್ಡ್ ಎಂಬ ಸೇನಾಧಿಕಾರಿ ಮತ್ತು ಅವನ ಗೆಳೆಯರಿಗೆ ಬಿಟ್ಟುಕೊಟ್ಟ. ಅದೇ ಹೊತ್ತಿಗೆ ವಯನಾಡಿನ ಬೆಟ್ಟಗಳಲ್ಲಿ ಚಿನ್ನವಿದೆಯೆಂದು ಆಸ್ಟ್ರೇಲಿಯಾದಿಂದ ಕರೆಸಿದ ತಜ್ಞ ಬ್ರೌ ಸ್ಮಿತ್ ವರದಿ ಕೊಟ್ಟಿದ್ದ. ಲಂಡನ್ನಿನಲ್ಲಿ ಭಾರತದ ಚಿನ್ನದ ಹುಚ್ಚು ಹಬ್ಬಿತು. 1880, 81ರಲ್ಲಿ ಹತ್ತಾರು ಕಂಪನಿಗಳು ಹುಟ್ಟಿದವು. ವಯನಾಡನ್ನಾಗಲಿ ಕೋಲಾರವನ್ನಾಗಲಿ ನಕ್ಷೆಯಲ್ಲೂ ನೋಡದವರು ಷೇರು ಕೊಂಡರು. ಸಂಗ್ರಹವಾದ ಬಂಡವಾಳದಲ್ಲಿ ದೊಡ್ಡ ಪಾಲು ಜಮೀನು ಮಾರಿದವರಿಗೆ, ಕಂಪನಿ ಹುಟ್ಟಿಸಿದವರಿಗೆ ಹೋಯಿತು. ನೆಲ ತೋಡಲು ಉಳಿದದ್ದು ಕಡಿಮೆ.

ವಯನಾಡಿನ ಕಂಪನಿಗಳು ಕೆಲವೇ ವರ್ಷಗಳಲ್ಲಿ ಮುಳುಗಿದವು. ಕೋಲಾರದಲ್ಲಿಯೂ 1885ರ ಹೊತ್ತಿಗೆ ಬಹುತೇಕ ಕಂಪನಿಗಳು ಕೆಲಸ ನಿಲ್ಲಿಸಿದ್ದವು. 1880ರಲ್ಲಿ ಹುಟ್ಟಿದ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿಯ ಹಣವೂ ತಳಕಂಡಿತ್ತು. ಮುಚ್ಚಿ ಉಳಿದದ್ದನ್ನು ಹಂಚಿಕೊಳ್ಳೋಣ ಎಂಬ ಷೇರುದಾರರನ್ನು ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯವರು ಇನ್ನೊಮ್ಮೆ ಪ್ರಯತ್ನಿಸಲು ಒಪ್ಪಿಸಿದರು. ಪ್ಲಮ್ಮರ್ ಎಂಬ ಗಣಿ ಅಧಿಕಾರಿ, ಎಷ್ಟೋ ಕಾಲದ ಹಿಂದೆ ಇಲ್ಲಿಯ ಜನ ತೋಡಿ ಬಿಟ್ಟಿದ್ದ ಗುಂಡಿಗಳ ಕೆಳಗೆ ಆಳಕ್ಕಿಳಿದು ನೋಡಿದ. ಚಾಂಪಿಯನ್ ಪದರ ಸಿಕ್ಕಿತು. ಆಮೇಲಿನದು ನಮಗೆಲ್ಲ ಗೊತ್ತು. ಮೂರು ಕಿಲೋಮೀಟರಿಗೂ ಮಿಕ್ಕಿದ ಆಳ, 1902ರಲ್ಲಿ ಶಿವನಸಮುದ್ರದಿಂದ ಬಂದ ವಿದ್ಯುತ್, 2001ರ ಫೆಬ್ರವರಿ 28ರಂದು ಬಾಗಿಲು ಮುಚ್ಚುವವರೆಗೆ ತೆಗೆದ ಸುಮಾರು 800 ಟನ್ ಚಿನ್ನ.

ಕೆಜಿಎಫ್ ಕಥೆಯನ್ನು ಸಾಮಾನ್ಯವಾಗಿ ತಾಳ್ಮೆಯ ಗೆಲುವು ಎಂದು ಹೇಳುತ್ತಾರೆ. ನನಗೆ ಅದರಲ್ಲಿ ಕಾಣುವುದು ಇನ್ನೊಂದು. 1880ರಲ್ಲಿ "ಕೋಲಾರದಲ್ಲಿ ಚಿನ್ನವಿದೆ" ಎಂದು ನಂಬಿದವರ ಅಭಿಪ್ರಾಯ ತಪ್ಪಾಗಿರಲಿಲ್ಲ. ನೂರಿಪ್ಪತ್ತು ವರ್ಷ ಅದು ಸರಿಯೆಂದು ಸಾಬೀತಾಯಿತು. ಆದರೂ ಅವರಲ್ಲಿ ಹಲವರು ಹಣ ಕಳೆದುಕೊಂಡರು. ನೆಲದ ಬಗ್ಗೆ ಅವರ ಮಾತು ನಿಜವಾಗಿತ್ತು. ಯಾವ ಕಂಪನಿ, ಯಾವ ಬೆಲೆಗೆ, ಎಷ್ಟು ಕಾಲ ಎಂಬ ಮೂರು ಪ್ರಶ್ನೆಗಳಿಗೆ ಆ ನಿಜದಲ್ಲಿ ಉತ್ತರವಿರಲಿಲ್ಲ.

ಇದು ಹಳೆಯ ಕಾಲದ ಗಣಿಗೆ ಮಾತ್ರ ಸೇರಿದ್ದಲ್ಲ. ಇಂಟರ್ನೆಟ್ ಜಗತ್ತನ್ನು ಬದಲಿಸುತ್ತದೆ ಎಂದು 2000ದಲ್ಲಿ ನಂಬಿ, ಅದರ ಉಪಕರಣ ತಯಾರಿಸುವ ಸಿಸ್ಕೋ ಷೇರನ್ನು ಮಾರ್ಚ್ ತಿಂಗಳ ತುದಿಬೆಲೆಗೆ ಕೊಂಡವರ ನಂಬಿಕೆ ಅಕ್ಷರಶಃ ನಿಜವಾಯಿತು. ಆ ಷೇರು ಮತ್ತೆ ಅದೇ ಬೆಲೆ ಮುಟ್ಟಿದ್ದು 2025ರ ಡಿಸೆಂಬರ್‌ನಲ್ಲಿ.

ಶ್ರೀನಿವಾಸಪುರದ ಮಾವಿನ ವ್ಯಾಪಾರಿಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಮರ ಹೂಬಿಟ್ಟಾಗಲೇ ತೋಟದ ಫಸಲನ್ನು ಗುತ್ತಿಗೆ ಹಿಡಿಯುವವರು ಅವರು. ಮಾವು ಒಳ್ಳೆಯ ಹಣ್ಣು ಎಂಬ ಕಾರಣಕ್ಕೆ ಯಾರೂ ತೋಟ ಹಿಡಿಯುವುದಿಲ್ಲ. ತೋಟದಲ್ಲಿ ಓಡಾಡುತ್ತಾರೆ, ಹೂವಿನಲ್ಲಿ ಎಷ್ಟು ಉದುರೀತು, ಆಲಿಕಲ್ಲು ಬಿದ್ದರೆ ಏನು ಗತಿ ಎಂದು ಲೆಕ್ಕ ಹಾಕುತ್ತಾರೆ, ಆಮೇಲೆ ಬೆಲೆ ಹೇಳುತ್ತಾರೆ. ಆದರೂ ಎಷ್ಟೋ ವರ್ಷ ನಷ್ಟವಾಗುತ್ತದೆ.

ಚಿಪ್ ಷೇರಿನ ಮಾತಿನಲ್ಲಿ ಈ ಓಡಾಟ ಕಾಣುವುದಿಲ್ಲ. ಮೈಸೂರಿನ ಕೇನ್ಸ್ ಟೆಕ್ನಾಲಜಿ 2022ರ ನವೆಂಬರ್‌ನಲ್ಲಿ 587 ರೂಪಾಯಿಗೆ ಷೇರು ನೀಡಿತ್ತು, ಆಮೇಲೆ ಅದು ಹಲವು ಪಟ್ಟಾಯಿತು ಎಂಬುದು ಎಲ್ಲರ ಬಾಯಲ್ಲಿದೆ. ಗೆದ್ದ ಷೇರಿನ ಕಥೆ ಊರೂರು ಸುತ್ತುತ್ತದೆ, ಮುಳುಗಿದ್ದರ ಕಥೆ ಮನೆಯೊಳಗೇ ಉಳಿಯುತ್ತದೆ. ಷೇರಿಗಿಂತ ಬೇಗ ಲಾಭ ಬೇಕೆಂದು ಫ್ಯೂಚರ್ಸ್, ಆಪ್ಷನ್ಸ್ ಕಡೆ ಜಾರಿದವರ ಲೆಕ್ಕ ಮಾತ್ರ ಹೊರಬಿದ್ದಿದೆ: 2024ರ ಸೆಬಿ ಅಧ್ಯಯನದ ಪ್ರಕಾರ, ಮೂರು ಹಣಕಾಸು ವರ್ಷಗಳಲ್ಲಿ ಅಂಥ ಬಿಡಿ ವ್ಯಾಪಾರಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟ ಅನುಭವಿಸಿದ್ದಾರೆ.

ಲಂಡನ್ನಿನಲ್ಲಿ ಷೇರು ಕೊಂಡವರಿಗೆ ಕೋಲಾರ ಸಾವಿರಾರು ಮೈಲಿಯಾಚೆಯ ಹೆಸರು. ನಮ್ಮ ಹುಡುಗರು ಹಾಗಲ್ಲ. ಬಿಡಿಭಾಗ ತಡವಾದರೆ, ಆರ್ಡರ್ ಕಡಿಮೆಯಾದರೆ, ಓವರ್‌ಟೈಮ್ ನಿಂತರೆ ಅವರಿಗೆ ಮೊದಲೇ ತಿಳಿಯುತ್ತದೆ. ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಒಳಗನ್ನು ಅವರಷ್ಟು ಹತ್ತಿರದಿಂದ ಕಂಡವರು ಕಡಿಮೆ. ಆ ತಿಳಿವಳಿಕೆಯಿಂದ ಕಂಪನಿಯನ್ನು ಅಳೆಯಬಹುದು ಎಂದು ಅವರಿಗೆ ಅನ್ನಿಸಿಲ್ಲ. ಅಭಿಪ್ರಾಯ ಮಾತ್ರ ಫೋನಿನಿಂದ ಬರುತ್ತದೆ. ಹಾಕುತ್ತಿರುವ ಹಣವೋ ರಾತ್ರಿಪಾಳಿಯ ಸಂಬಳ, ಒಂದು ಬೆಳೆ ಟೊಮೆಟೊದಲ್ಲಿ ಉಳಿದದ್ದು. ಎಐ ಬರುತ್ತದೆಯೇ ಎಂದು ಅವರು ನನ್ನನ್ನು ಕೇಳಿದರೆ ಬರುತ್ತದೆ ಎನ್ನುತ್ತೇನೆ. ನೀವು ಕೊಡುತ್ತಿರುವ ಬೆಲೆಯಲ್ಲಿ ಅದು ಎಷ್ಟು ಸಲ ಬಂದುಹೋಗಿದೆ ಎಂದು ಆಮೇಲೆ ಕೇಳುತ್ತೇನೆ.