ಹಳೆ ಕಾರು ಸ್ಟಾರ್ಟ್ ಆಗುತ್ತಿಲ್ಲವೇ? ಕಾರ್ಬೊರೇಟರ್‌ಗೆ ಪೆಟ್ರೋಲ್ ಸುರಿಯುವ ಮುನ್ನ ಇದನ್ನು ಓದಿ

ಎರಡು ತಿಂಗಳಿಂದ ಮನೆ ಮುಂದೆ ನಿಂತ ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿಯ ಕೀ ತಿರುಗಿಸುತ್ತೀರಿ. ‘ಟಿಕ್’ ಎಂದಷ್ಟೇ ಸದ್ದು, ಇಲ್ಲವೇ ಎಂಜಿನ್ ಗರಗರ ತಿರುಗಿ ಸುಮ್ಮನಾಗುತ್ತದೆ. ಆಗ ಸಲಹೆಗಳಿಗೆ ಬರವಿಲ್ಲ. ‘ಕಾರ್ಬೊರೇಟರ್‌ಗೆ ಎರಡು ಮುಚ್ಚಳ ಪೆಟ್ರೋಲ್ ಹಾಕಿ’, ‘ಫ್ಯುಯೆಲ್ ಪಂಪ್ ಮೇಲೆ ಒದ್ದೆ ಬಟ್ಟೆ ಹೊದಿಸಿ’, ‘ತಳ್ಳಿದರೆ ಸಾಕು’. ಇವುಗಳಲ್ಲಿ ಒಂದು ನಿಜ, ಒಂದು ಅರ್ಧ ನಿಜ, ಇನ್ನೊಂದು ಜೀವಕ್ಕೇ ಅಪಾಯ. ಯಾವುದು ಯಾವುದು ನೋಡೋಣ.

(ಇಲ್ಲಿ ಹೇಳಿರುವುದು ಕಾರ್ಬೊರೇಟರ್ ಮತ್ತು ಕಾಂಟ್ಯಾಕ್ಟ್ ಪಾಯಿಂಟ್ ಇರುವ ಹಳೆಯ ಪೆಟ್ರೋಲ್ ಕಾರುಗಳಿಗೆ ಮಾತ್ರ. ಡೀಸೆಲ್ ಅಥವಾ ಫ್ಯುಯೆಲ್ ಇಂಜೆಕ್ಷನ್ ಕಾರುಗಳಿಗೆ ಅಲ್ಲ.)

ಎಂಜಿನ್ ಕೇಳುವುದು ಮೂರೇ

ಎಂಜಿನ್ ಜೋರಾಗಿ ತಿರುಗಬೇಕು, ಸರಿಯಾದ ಹೊತ್ತಿಗೆ ಕಿಡಿ ಬೇಕು, ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಒಳಗೆ ಹೋಗಬೇಕು. ಇದರಲ್ಲಿ ಯಾವುದು ತಪ್ಪಿದೆ ಎಂದು ತಿಳಿಯದೆ ಮಾಡುವ ಉಪಾಯಗಳೆಲ್ಲ ಕತ್ತಲಲ್ಲಿ ಕಲ್ಲು ಎಸೆದ ಹಾಗೆ.

ತಿರುಗುತ್ತಲೇ ಇಲ್ಲವೇ? ಬ್ಯಾಟರಿ ನೋಡಿ

ಕೀ ತಿರುಗಿಸಿದಾಗ ‘ಟಿಕ್’ ಎಂದು ಹೆಡ್‌ಲೈಟ್ ಮಂಕಾದರೆ ಬ್ಯಾಟರಿ ಅಥವಾ ಅದರ ಜೋಡಣೆಯ ಮೇಲೆ ಮೊದಲ ಅನುಮಾನ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿದ್ದಾಗ ಸುಮಾರು 12.6 ವೋಲ್ಟ್ ತೋರಿಸಬೇಕು. ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಕರೆಂಟ್ ಹರಿಯುವುದಿಲ್ಲ. ಕಾರಿನ ಬಾಡಿಗೆ ಸೇರುವ ಅರ್ತ್ ತಂತಿಯನ್ನು ಮೊದಲು ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಉಜ್ಜಿ, ಒಣಗಿಸಿ, ಅದನ್ನು ಕೊನೆಗೆ ಜೋಡಿಸಿ. ಅರ್ತ್ ತಂತಿಯ ಇನ್ನೊಂದು ತುದಿಯನ್ನೂ ಬಿಗಿ ಮಾಡಿ.

ಒಂದು ಎಚ್ಚರಿಕೆ: ಬಹಳ ಹಳೆಯ ಬ್ರಿಟಿಷ್ ವಿನ್ಯಾಸದ ಕಾರುಗಳಲ್ಲಿ ಬಾಡಿಗೆ ಸೇರುವುದು ಬ್ಯಾಟರಿಯ ಪ್ಲಸ್ ತುದಿ. ಇದನ್ನು ನೋಡಿಕೊಳ್ಳದೆ ಬೇರೆ ಕಾರಿನಿಂದ ಜಂಪ್ ಸ್ಟಾರ್ಟ್ ಮಾಡಬೇಡಿ.

ತಿರುಗುತ್ತದೆ, ಆದರೆ ಹೊತ್ತಿಕೊಳ್ಳುವುದಿಲ್ಲವೇ? ಕಿಡಿ ನೋಡಿ

ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ ತೆರೆದ ಕ್ಷಣದಲ್ಲಿ ಕಾಯಿಲ್‌ನ ಕರೆಂಟ್ ಕಡಿಯುತ್ತದೆ. ಆಗ 12 ವೋಲ್ಟ್ ಸಾವಿರಾರು ವೋಲ್ಟ್ ಆಗಿ ಪ್ಲಗ್‌ನಲ್ಲಿ ಕಿಡಿ ಹಾರಿಸುತ್ತದೆ. ಕಾರು ತಿಂಗಳುಗಟ್ಟಲೆ ನಿಂತರೆ ಪಾಯಿಂಟ್ ಮೇಲೆ ತೆಳುವಾದ ಪೊರೆ ಕಟ್ಟುತ್ತದೆ. ನಿಲ್ಲಿಸಿದ ದಿನ ಚೆನ್ನಾಗಿಯೇ ಓಡಿದ ಕಾರು ಎರಡು ತಿಂಗಳ ನಂತರ ಹಟ ಹಿಡಿಯಲು ಇದೂ ಒಂದು ಸಾಮಾನ್ಯ ಕಾರಣ. ಪಾಯಿಂಟ್ ಸ್ವಚ್ಛಗೊಳಿಸಿ ಸಂದು ಸರಿಪಡಿಸಬೇಕು. ಇದು ಹಲವು ಕಾರುಗಳಲ್ಲಿ ಸುಮಾರು 0.4 ಮಿ.ಮೀ.; ನಿಮ್ಮ ಕಾರಿನ ಅಳತೆ ಅದರ ಕೈಪಿಡಿಯಲ್ಲಿರುತ್ತದೆ.

ಮಳೆಗಾಲದಲ್ಲಿ ಅಥವಾ ಕಾರು ತೊಳೆದ ಮೇಲೆ ತೊಂದರೆ ಶುರುವಾಯಿತೇ? ಡಿಸ್ಟ್ರಿಬ್ಯೂಟರ್ ಮುಚ್ಚಳದ ಒಳಗಿನ ತೇವ ಕಿಡಿಗೆ ಅಡ್ಡದಾರಿ ತೋರಿಸುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಬಿರುಕು ಇದೆಯೇ ನೋಡಿ.

ಕಿಡಿ ಪರೀಕ್ಷಿಸಲು ತಂತಿಯನ್ನು ಕೈಯಲ್ಲಿ ಹಿಡಿಯಬೇಡಿ, ಶಾಕ್ ಹೊಡೆಯುತ್ತದೆ. ಪ್ಲಗ್ ಬಿಚ್ಚಿ ಎಂಜಿನ್ ಮೇಲೆ ಇಟ್ಟು ನೋಡುವ ರೂಢಿಯಿದೆ. ಆದರೆ ತೆರೆದ ರಂಧ್ರದಿಂದ ಪೆಟ್ರೋಲ್ ಆವಿ ಹೊರಬರುವಾಗ ಪಕ್ಕದಲ್ಲೇ ಕಿಡಿ ಹಾರಿದರೆ ಬೆಂಕಿ ಹತ್ತಬಹುದು. ಪ್ಲಗ್ ಮತ್ತು ತಂತಿಯ ನಡುವೆ ಸಿಕ್ಕಿಸುವ ಸ್ಪಾರ್ಕ್ ಟೆಸ್ಟರ್ ಬಳಸುವುದು ಲೇಸು. ಪೇಸ್‌ಮೇಕರ್ ಇರುವವರು ಈ ಕೆಲಸದಿಂದ ದೂರ ಇರಿ.

ಕಿಡಿ ಸರಿಯಿದ್ದರೆ ಪೆಟ್ರೋಲ್

ಬಿಚ್ಚಿದ ಪ್ಲಗ್ ಒದ್ದೆಯಾಗಿದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಅಂದರೆ ಎಂಜಿನ್ ‘ಫ್ಲಡ್’ ಆಗಿದೆ. ಪ್ಲಗ್ ಒರೆಸಿ ಹಾಕಿ. ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟ್ ಮಾಡಿ. ಪದೇ ಪದೇ ಒತ್ತಿ ಬಿಟ್ಟರೆ ಅನೇಕ ಕಾರ್ಬೊರೇಟರ್‌ಗಳಲ್ಲಿ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಒಂದು ಸಲಕ್ಕೆ 10 ಸೆಕೆಂಡ್‌ಗಿಂತ ಹೆಚ್ಚು ಸ್ಟಾರ್ಟರ್ ತಿರುಗಿಸಬೇಡಿ, ನಡುವೆ ಅರ್ಧ ನಿಮಿಷವಾದರೂ ಬಿಡುವು ಕೊಡಿ.

ಪ್ಲಗ್ ಒಣಗಿದ್ದರೆ ಪೆಟ್ರೋಲ್ ತಲುಪುತ್ತಿಲ್ಲ. ಫಿಲ್ಟರ್ ಕಟ್ಟಿರಬಹುದು, ಪಂಪ್‌ನ ಡಯಾಫ್ರಂ ಹರಿದಿರಬಹುದು. ಈಗಿನ ಪೆಟ್ರೋಲ್‌ನಲ್ಲಿ 20% ವರೆಗೂ ಎಥೆನಾಲ್ ಇರುತ್ತದೆ. ಆ ಕಾಲದ ರಬ್ಬರ್ ಪೈಪುಗಳು ಅದಕ್ಕೆಂದು ಮಾಡಿದವಲ್ಲ. ಪೈಪು ಮೆತ್ತಗಾಗಿದೆಯೇ, ಬಿರುಕು ಬಿಟ್ಟಿದೆಯೇ, ಸೋರುತ್ತಿದೆಯೇ ನೋಡಿ.

ಈಗ ಆ ಮೂರು ಸಲಹೆಗಳು

‘ಕಾರ್ಬೊರೇಟರ್‌ಗೆ ಪೆಟ್ರೋಲ್ ಸುರಿಯಿರಿ’: ಅಪಾಯ. ಕಿಡಿಯ ಹೊತ್ತು ತಪ್ಪಿದ್ದರೆ ಎಂಜಿನ್ ‘ಬ್ಯಾಕ್‌ಫೈರ್’ ಆಗಿ ಕಾರ್ಬೊರೇಟರ್ ಬಾಯಿಂದ ಜ್ವಾಲೆ ಚಿಮ್ಮುತ್ತದೆ. ಆಗ ಮುಖ ಬಗ್ಗಿಸಿದವರ, ಕೈಯಲ್ಲಿ ಪೆಟ್ರೋಲ್ ಬಾಟಲಿ ಹಿಡಿದವರ ಗತಿ ಊಹಿಸಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದ ಕಿಡಿಯನ್ನೂ ಹುಡುಕಿಕೊಂಡು ಹೋಗಬಲ್ಲದು. ಹಾಗಾದರೆ ಕೆಲವೊಮ್ಮೆ ಎಂಜಿನ್ ಹೊತ್ತಿಕೊಳ್ಳುವುದೇಕೆ? ಪೆಟ್ರೋಲ್ ಬರುತ್ತಿರಲಿಲ್ಲ, ನೀವು ಕೊಟ್ಟಿರಿ, ಅಷ್ಟೇ. ದೋಷ ಹಾಗೆಯೇ ಉಳಿದಿದ್ದರೆ ಸುರಿದದ್ದು ಮುಗಿದೊಡನೆ ಎಂಜಿನ್ ಮತ್ತೆ ನಿಲ್ಲುತ್ತದೆ.

‘ಒದ್ದೆ ಬಟ್ಟೆ ಹಾಕಿ’: ನಿಜ, ಆದರೆ ಎಲ್ಲ ಸಲ ಅಲ್ಲ. ಬೇಸಿಗೆಯಲ್ಲಿ ಘಾಟಿ ಹತ್ತುವಾಗ ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿ ಪಂಪ್ ಕೆಲಸ ಮಾಡದಾಗುತ್ತದೆ. ಇದೇ ‘ವೇಪರ್ ಲಾಕ್’. ತಂಪಾದರೆ ಸರಿಹೋಗುತ್ತದೆ. ಆದರೆ ಹಾಳಾಗುತ್ತಿರುವ ಕಾಯಿಲ್ ಅಥವಾ ಕಂಡೆನ್ಸರ್ ಕೂಡ ಬಿಸಿಯಾದಾಗ ಕೈಕೊಟ್ಟು, ತಣ್ಣಗಾದ ಮೇಲೆ ಕೆಲಸ ಮಾಡುತ್ತದೆ. ಹಾಗಾಗಿ ಕಾರು ನಿಂತ ತಕ್ಷಣ ಕಿಡಿ ಪರೀಕ್ಷಿಸಿ. ಕಿಡಿ ಇಲ್ಲದಿದ್ದರೆ ಒದ್ದೆ ಬಟ್ಟೆ ಕಾರಣವನ್ನು ಮುಚ್ಚಿಡುತ್ತದೆ, ಗುಣ ಮಾಡುವುದಿಲ್ಲ. ಬೆಳಗಿನ ತಣ್ಣನೆ ಎಂಜಿನ್‌ಗಂತೂ ಈ ಉಪಾಯ ಬೇಡವೇ ಬೇಡ.

‘ತಳ್ಳಿದರೆ ಸಾಕು’: ಅರ್ಧ ನಿಜ. ತಳ್ಳುವುದು ಸ್ಟಾರ್ಟರ್ ಮಾಡುವ ಕೆಲಸವನ್ನಷ್ಟೇ ಮಾಡುತ್ತದೆ. ಬ್ಯಾಟರಿ ಸೊರಗಿದ್ದರೆ ಎರಡನೇ ಗೇರ್‌ನಲ್ಲಿ ತಳ್ಳಿ ಸ್ಟಾರ್ಟ್ ಮಾಡಬಹುದು. ಕಿಡಿಯೋ ಪೆಟ್ರೋಲೋ ಇಲ್ಲದಿದ್ದರೆ ಊರಾಚೆಯವರೆಗೆ ತಳ್ಳಿದರೂ ಪ್ರಯೋಜನವಿಲ್ಲ. ಬ್ಯಾಟರಿ ಪೂರ್ತಿ ಸತ್ತಿದ್ದರೆ ಕಾಯಿಲ್‌ಗೂ ಕರೆಂಟ್ ಸಿಗುವುದಿಲ್ಲ.

ಸ್ಟಾರ್ಟ್ ಆದ ಮೇಲೂ ಒಂದು ಮಾತು

ಸ್ಟಾರ್ಟ್ ಆದ ಖುಷಿಯಲ್ಲಿ ಮುಚ್ಚಿದ ಗ್ಯಾರೇಜ್‌ನಲ್ಲೇ ಎಂಜಿನ್ ಓಡಿಸುತ್ತಾ ಕೂರಬೇಡಿ. ಹಳೆ ಕಾರುಗಳಲ್ಲಿ ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವುದಿಲ್ಲ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು ಬರುವಷ್ಟರಲ್ಲಿ ಎದ್ದು ಹೊರಗೆ ಹೋಗುವ ಶಕ್ತಿಯೂ ಕುಂದಿರಬಹುದು. ಶಟರ್ ತೆರೆದರೆ ಸಾಲದು, ಕಾರನ್ನು ಬಯಲಿಗೆ ತಂದು ರಿಪೇರಿ ಮಾಡಿ.

ಎಂಜಿನ್ ಜೋರಾಗಿ ತಿರುಗುತ್ತಿದೆ, ಕಿಡಿಯೂ ಇದೆ, ಪೆಟ್ರೋಲೂ ಬರುತ್ತಿದೆ, ಆದರೂ ಹೊತ್ತಿಕೊಳ್ಳುತ್ತಿಲ್ಲ ಎಂದರೆ ಟೈಮಿಂಗ್ ಅಥವಾ ಕಂಪ್ರೆಶನ್ ತಪ್ಪಿರಬೇಕು. ಅದು ಪಾಯಿಂಟ್ ಕಾಲದ ಕಾರುಗಳಲ್ಲಿ ಪಳಗಿದ ಮೆಕ್ಯಾನಿಕ್‌ನ ಕೆಲಸ.

ಗ್ರೂಪಿನಲ್ಲಿ ಯಾರಾದರೂ ಕಾರ್ಬೊರೇಟರ್‌ಗೆ ಪೆಟ್ರೋಲ್ ಸುರಿಯುವ ವಿಡಿಯೊ ಹಾಕಿದರೆ ಒಂದೇ ಪ್ರಶ್ನೆ ಕೇಳಿ: ‘ಕಿಡಿ ನೋಡಿದಿರಾ?’