ಪಂಕ್ತಿಯ ಪಾಠ: ಬಿಸಿಯೂಟ ಮತ್ತು ಬಳುವಳಿಯಾಗಿ ಬಂದ ಪೂರ್ವಗ್ರಹವನ್ನು ಕಳಚುವ ಬಗೆ

ಸಾರಾಂಶ

ಜಾತಿ ಪೂರ್ವಗ್ರಹವು ಮಗುವಿಗೆ ದಾಟುವುದು ಮೊದಲು ನೀರು, ಅನ್ನ, ಪಾತ್ರೆಗಳ ಮೂಲಕ. ಅದಕ್ಕೆ ಸಮರ್ಥನೆಯ ಮಾತು ಸೇರುವುದು ಆಮೇಲೆ. ಹೀಗೆ ರೂಢಿಯಾಗಿ ಬಂದದ್ದನ್ನು ಬರಿಯ ಬೋಧನೆಯಿಂದ ಬಿಡಿಸಲಾಗದು, ಕಲಿತ ದಾರಿಯಲ್ಲೇ ಹಿಂದಿರುಗಬೇಕು ಎಂಬುದು ಈ ಲೇಖನದ ವಾದ. ಶಾಲೆಯ ಬಿಸಿಯೂಟವನ್ನು ಅಂಥ ಮರುಕಲಿಕೆಯ ತಾಣವೆಂದು ಪರಿಗಣಿಸಿ, ಅದರ ಸಾಧ್ಯತೆ ಮತ್ತು ಮಿತಿಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ಪ್ರಮುಖ ಪದಗಳು: ಪೂರ್ವಗ್ರಹ, ಅಸ್ಪೃಶ್ಯತೆ, ಸಹಪಂಕ್ತಿ, ಬಿಸಿಯೂಟ, ದಾಸೋಹ

1. ಕೈ ಕಲಿತ ಪಾಠ

ಹೊಲದ ಕೆಲಸಕ್ಕೆ ಬಂದವರು ಬಾಯಾರಿದಾಗ ಚೊಂಬನ್ನು ಎತ್ತಿ ಹಿಡಿದು ಬೊಗಸೆಗೆ ನೀರು ಹುಯ್ಯುವುದು, ಅವರಿಗೆ ಕಾಫಿ ಕೊಡುವ ಲೋಟವನ್ನು ಅಡುಗೆಮನೆಯ ಸಾಲಿನಲ್ಲಿ ಇಡದೆ ಸೂರಿನ ಸಂದಿಯಲ್ಲಿ ಸಿಕ್ಕಿಸುವುದು, ಕುಡಿದವರೇ ಅದನ್ನು ತೊಳೆದಿಟ್ಟು ಹೋಗುವುದು: ನಮ್ಮ ಹಳ್ಳಿಗಳ ಅನೇಕ ಮನೆಗಳಲ್ಲಿ ಮಕ್ಕಳು ಇದನ್ನು ನೋಡುತ್ತಲೇ ಬೆಳೆದರು. ಯಾರೂ ಅವರನ್ನು ಎದುರಿಗೆ ಕೂರಿಸಿಕೊಂಡು ಜಾತಿಯ ಪಾಠ ಹೇಳಲಿಲ್ಲ. ಆ ಲೋಟಕ್ಕೆ ಕೈ ಹಾಕಿದ ಮಗುವಿಗೆ ‘ಏಯ್, ಅದನ್ನ ಮುಟ್ಟಬೇಡ’ ಎಂಬ ಒಂದು ಗದರಿಕೆ ಸಾಕಾಯಿತು. ಕಾರಣ ಕೇಳುವ ವಯಸ್ಸು ಬರುವಷ್ಟರಲ್ಲಿ ಕೈ ಹಿಂದೆ ಸರಿಯುವುದನ್ನು ಕಲಿತುಬಿಟ್ಟಿತ್ತು.

ಈ ಪಾಠಕ್ಕೆ ತನ್ನದೇ ಪದಕೋಶವಿದೆ: ಮಡಿ, ಮೈಲಿಗೆ, ಎಂಜಲು, ಮುಸುರೆ. ಇವುಗಳಲ್ಲಿ ‘ಮುಸುರೆ’ಯನ್ನು ಹತ್ತಿರದಿಂದ ನೋಡಬೇಕು. ಹಣ್ಣಿಗೆ, ಅವಲಕ್ಕಿಗೆ, ಎಣ್ಣೆಯಲ್ಲಿ ಕರಿದ ತಿಂಡಿಗೆ ಇಲ್ಲದ ಕಟ್ಟುನಿಟ್ಟು ನೀರಿನಲ್ಲಿ ಬೆಂದ ಅನ್ನಕ್ಕೆ ಇದೆ. ಆದ್ದರಿಂದ ಯಾರ ಮನೆಯಲ್ಲಿ ಬಾಳೆಹಣ್ಣು ತಿನ್ನಬಹುದು, ಯಾರ ಮನೆಯಲ್ಲಿ ಊಟಕ್ಕೆ ಕೂರಬಹುದು ಎಂಬ ಲೆಕ್ಕವೇ ಮನುಷ್ಯರನ್ನು ಅಳೆಯುವ ಕೋಲಾಯಿತು. ಎಲ್ಲರ ಹಸಿವನ್ನೂ ಒಂದೇ ರೀತಿ ತಣಿಸುವ ಅನ್ನವನ್ನೇ ನಾವು ಜನರನ್ನು ಬೇರ್ಪಡಿಸುವ ಗೆರೆಯಾಗಿ ಎಳೆದೆವು.

ಈ ಗೆರೆ ಅಳಿಸಿಹೋಗಿದೆಯೆಂದು ಹೇಳುವಂತಿಲ್ಲ. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. 1955ರ ಕಾಯ್ದೆ ಅದರ ಆಚರಣೆಯನ್ನು ಶಿಕ್ಷಾರ್ಹಗೊಳಿಸಿತು. ಆದರೂ 42 ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಮಾತನಾಡಿಸಿದ 2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ಶೇಕಡಾ 27ರಷ್ಟು ಕುಟುಂಬಗಳು ಯಾವುದಾದರೊಂದು ರೂಪದಲ್ಲಿ ಅಸ್ಪೃಶ್ಯತೆಯನ್ನು ಒಪ್ಪಿಕೊಂಡವು. ಆ ಸಮೀಕ್ಷೆಯ ಪ್ರಶ್ನೆಯ ಜಾಣ್ಮೆ ಗಮನಾರ್ಹ. ‘ನಿಮ್ಮ ಮನೆಯಲ್ಲಿ ಅಸ್ಪೃಶ್ಯತೆ ಆಚರಿಸುತ್ತೀರಾ’ ಎಂದು ಕೇಳಿ ಅದು ಸುಮ್ಮನಾಗಲಿಲ್ಲ. ಇಲ್ಲವೆಂದವರಿಗೆ, ಪರಿಶಿಷ್ಟ ಜಾತಿಯವರು ನಿಮ್ಮ ಅಡುಗೆಮನೆಗೆ ಬಂದರೆ, ನಿಮ್ಮ ಪಾತ್ರೆ ಬಳಸಿದರೆ ತೊಂದರೆಯಿದೆಯೇ ಎಂದು ಮತ್ತೆ ಕೇಳಿತು. ನಡುಮನೆಯವರೆಗೆ ಬಂದ ಸಮಾನತೆ ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತುಬಿಡುತ್ತದೆ.

ಮನಶ್ಶಾಸ್ತ್ರಜ್ಞೆ ಪೆಟ್ರಿಶಿಯಾ ಡಿವೈನ್ ಅಮೆರಿಕದ ವರ್ಣಭೇದವನ್ನು ಕುರಿತು 1989ರಲ್ಲಿ ಪ್ರಕಟಿಸಿದ ಸಂಶೋಧನೆ ಇದನ್ನು ಅರಿಯಲು ನೆರವಾಗುತ್ತದೆ. ಸಮಾಜ ಕಲಿಸಿದ ಚಿತ್ರಗಳು, ಅವನ್ನು ಮನಸಾರೆ ತಿರಸ್ಕರಿಸಿದವರಲ್ಲಿಯೂ ತಾವಾಗಿ ಎದ್ದುಬರುತ್ತವೆ. ಅವನ್ನು ತಡೆಯಲು ಎಚ್ಚರ ಮತ್ತು ಅಭ್ಯಾಸ ಎರಡೂ ಬೇಕು. ಒಳ್ಳೆಯ ಮನಸ್ಸಿನ ವ್ಯಕ್ತಿಯ ಕೈಯೂ ಒಂದು ಕ್ಷಣ ಹಿಂಜರಿಯುವುದು ಇದರಿಂದ. ಆ ಕ್ಷಣಕ್ಕಾಗಿ ಅವರನ್ನು ಹೀಗಳೆದು ಪ್ರಯೋಜನವಿಲ್ಲ. ಅದನ್ನು ದಾಟುವ ರೂಢಿಯನ್ನು ಬೆಳೆಸಬೇಕು.

2. ಬಳಿ ಇದ್ದ ಮಾತ್ರಕ್ಕೆ

ಬೇರೆ ಬೇರೆ ಜನ ಬೆರೆತರೆ ಪೂರ್ವಗ್ರಹ ಕರಗುತ್ತದೆ ಎಂಬ ನಂಬಿಕೆ ಹಳೆಯದು. ಅದು ನಿಜವಾಗಿದ್ದರೆ ನಮ್ಮ ಹಳ್ಳಿಗಳಲ್ಲಿ ಜಾತಿ ಎಂದೋ ಅಳಿಯಬೇಕಿತ್ತು. ಉಳುವವನೂ ಉಳಿಸುವವನೂ ತಲೆಮಾರುಗಟ್ಟಲೆ ದಿನವೂ ಮುಖಾಮುಖಿಯಾದರು. ಒಬ್ಬ ಜಗಲಿಯ ಮೇಲೆ, ಒಬ್ಬ ಅಂಗಳದಲ್ಲಿ. ಆ ಒಡನಾಟ ಗೆರೆಯನ್ನು ಅಳಿಸುವ ಬದಲು ದಿನಕ್ಕೊಮ್ಮೆ ತಿದ್ದಿ ಗಾಢಗೊಳಿಸಿತು.

ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರ ತಮ್ಮ ಗ್ರಂಥದಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಬೆರೆಯುವವರ ಸ್ಥಾನ ಸಮಾನವಾಗಿರಬೇಕು, ಗುರಿ ಒಂದೇ ಇರಬೇಕು, ಅದನ್ನು ತಲುಪಲು ಸಹಕಾರ ಬೇಕು, ಜೊತೆಗೆ ಕಾನೂನು ಅಥವಾ ಸಂಸ್ಥೆಯ ಬೆಂಬಲ ಬೇಕು. ಈ ಮಾತನ್ನು ಅರ್ಥಶಾಸ್ತ್ರಜ್ಞ ಮ್ಯಾಟ್ ಲೋವ್ ಉತ್ತರ ಪ್ರದೇಶದ ಕ್ರಿಕೆಟ್ ಅಂಗಳದಲ್ಲಿ ಒರೆಗೆ ಹಚ್ಚಿದರು. 1,261 ಯುವಕರನ್ನು ಒಳಗೊಂಡ ಆ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಒಂದೇ ತಂಡದಲ್ಲಿ ಬೇರೆ ಜಾತಿಯವರೊಡನೆ ಆಡಿದವರಲ್ಲಿ ಜಾತಿ ಮೀರಿದ ಗೆಳೆತನ ಹೆಚ್ಚಿತು. ಎದುರಾಳಿಗಳಾಗಿ ಆಡಿದವರಲ್ಲಿ ಪರಿಣಾಮ ಬಹುಮಟ್ಟಿಗೆ ವಿರುದ್ಧವಾಗಿತ್ತು. ದೆಹಲಿಯ ಖಾಸಗಿ ಶಾಲೆಗಳಿಗೆ ಬಡ ಮಕ್ಕಳು ಸೇರಿದ ಬಳಿಕ ಉಳ್ಳವರ ಮಕ್ಕಳಲ್ಲಿ ಆದ ಬದಲಾವಣೆಯನ್ನು ಗೌತಮ್ ರಾವ್ ಅಧ್ಯಯನ ಮಾಡಿದ್ದಾರೆ. ಒಂದೇ ತರಗತಿಯಲ್ಲಿ ಕೂತ ಮಕ್ಕಳು ಹೆಚ್ಚು ಉದಾರಿಗಳಾದರು, ಬಡ ಮಕ್ಕಳನ್ನು ದೂರವಿಡುವ ಸ್ವಭಾವ ಕಡಿಮೆಯಾಯಿತು. ಎರಡೂ ಕಡೆ ಫಲ ಕೊಟ್ಟದ್ದು ಒಂದೇ ಸಾಲಿನಲ್ಲಿ ನಿಂತು, ಕೂತು ಮಾಡಿದ ಕೆಲಸ.

3. ಬಿಸಿಯೂಟದ ಸಾಲು

ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರ್ 28ರಂದು ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಆದೇಶಿಸಿತು. ಕರ್ನಾಟಕದಲ್ಲಿ 2002ರಲ್ಲಿ, ಮೊದಲು ಉತ್ತರದ ಜಿಲ್ಲೆಗಳಲ್ಲಿ, ‘ಅಕ್ಷರ ದಾಸೋಹ’ ಎಂಬ ಹೆಸರಿನಲ್ಲಿ ಬಿಸಿಯೂಟ ಆರಂಭವಾಯಿತು. 2004ರ ಏಪ್ರಿಲ್ 20ರ ಇನ್ನೊಂದು ಆದೇಶ, ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದ್ಯತೆ ಇರಬೇಕೆಂದಿತು. ಹಸಿವಿನ ಯೋಜನೆ ಮುಸುರೆಯ ಮರ್ಮಕ್ಕೇ ಕೈ ಹಾಕಿದ್ದು ಇಲ್ಲಿ. ನೀರಿನಲ್ಲಿ ಬೆಂದ ಅನ್ನ, ಅದನ್ನು ಬೇಯಿಸಿದ ಕೈ, ಅಕ್ಕಪಕ್ಕದ ತಟ್ಟೆ: ಮೈಲಿಗೆಯ ಮೂರು ಅಂಜಿಕೆಗಳೂ ಒಂದೇ ಜಗಲಿಗೆ ಬಂದವು.

ಆ ಜಗಲಿಯನ್ನು ಮಧ್ಯಾಹ್ನದ ಗಂಟೆ ಬಾರಿಸಿದ ಮೇಲೆ ನೋಡಬೇಕು. ನಲ್ಲಿಯ ಮುಂದೆ ತಟ್ಟೆಗಳ ಸದ್ದು. ತೊಳೆದ ಕೈಯನ್ನು ಅಂಗಿಗೇ ಒರೆಸಿಕೊಂಡು ಮಕ್ಕಳು ಗೋಡೆಗೆ ಬೆನ್ನು ಕೊಟ್ಟು ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ. ಸಾಂಬಾರಿನ ಬಕೆಟ್ಟು ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲ ಮಗು ಇನ್ನೊಂದು ಸೌಟು ಬೇಕೆಂದು ತಟ್ಟೆ ಮುಂದೆ ತಳ್ಳುತ್ತದೆ. ಬಡಿಸುವ ಅಡುಗೆಯಮ್ಮನಿಗೆ ಯಾರಿಗೆ ಸೊಪ್ಪು ಸೇರದು, ಯಾರು ಬೆಳಿಗ್ಗೆ ಉಣ್ಣದೆ ಬಂದಿದ್ದಾರೆ ಎಂಬುದು ಗೊತ್ತು. ವರ್ಷದ ಇನ್ನೂರಕ್ಕೂ ಹೆಚ್ಚು ದಿನ ನಡೆಯುವ ಈ ಪಂಕ್ತಿಯಲ್ಲಿ ಆಲ್‌ಪೋರ್ಟ್ ಹೇಳಿದ ನಾಲ್ಕರಲ್ಲಿ ಮೂರು ಇವೆ: ಸಮಾನ ಸ್ಥಾನ, ಒಂದೇ ಹಸಿವು, ಸಂಸ್ಥೆಯ ಬೆಂಬಲ.

ಪಂಕ್ತಿ ಸಲೀಸಾಗಿ ನಡೆಯಿತೆಂದಲ್ಲ. ಜೀನ್ ಡ್ರೆಜ್ ಮತ್ತು ಅಪರಾಜಿತಾ ಗೋಯಲ್ 2003ರಲ್ಲಿ ಛತ್ತೀಸಗಡ, ರಾಜಸ್ಥಾನ, ಕರ್ನಾಟಕಗಳ ಕ್ಷೇತ್ರಕಾರ್ಯದ ಆಧಾರದ ಮೇಲೆ ಬರೆದಾಗ, ಮಕ್ಕಳು ಒಟ್ಟಿಗೆ ಉಣ್ಣುವುದನ್ನು ಬಹುತೇಕ ಒಪ್ಪಿಕೊಂಡದ್ದನ್ನೂ ಮೇಲ್ಜಾತಿಯ ಕೆಲವು ಪೋಷಕರು ಅಡ್ಡಿಪಡಿಸಿದ್ದನ್ನೂ ದಾಖಲಿಸಿದರು. ದಲಿತ ಮಹಿಳೆ ಬೇಯಿಸಿದರೆಂದು ಮಕ್ಕಳನ್ನು ಊಟಕ್ಕೆ ಕಳಿಸದ, ಶಾಲೆಯನ್ನೇ ಬಿಡಿಸಿದ ಪ್ರಕರಣಗಳು ನಮ್ಮ ರಾಜ್ಯದಿಂದಲೂ ವರದಿಯಾಗಿವೆ. ಇಲ್ಲಿ ಒಂದು ಸೂಕ್ಷ್ಮವಿದೆ. ಊಟ ಬೇಡವೆನ್ನುವ ನಿರ್ಧಾರ ಸಾಮಾನ್ಯವಾಗಿ ಮನೆಯಿಂದ ಬಂದದ್ದು. ಹಸಿದ ಮಗು ತಟ್ಟೆಯನ್ನು ಬದಿಗೆ ಸರಿಸುವಾಗ, ಸೂರಿನ ಲೋಟ ಕಲಿಸಿದ ಪಾಠ ಇನ್ನೊಂದು ತಲೆಮಾರಿಗೆ ದಾಟುವುದನ್ನು ನಾವು ಕಣ್ಣಾರೆ ಕಾಣುತ್ತೇವೆ. ಅಡುಗೆಯಾಕೆಯನ್ನು ಬದಲಿಸಿ ಗಲಾಟೆ ತಣಿಸುವ ಆಡಳಿತ ಆ ದಾಟುವಿಕೆಗೆ ಸೇತುವೆ ಕಟ್ಟಿಕೊಡುತ್ತದೆ.

4. ಹೆಸರು ಕೂಗುವ ಹೊತ್ತು

ಪೂರ್ವಗ್ರಹದ ಇನ್ನೊಂದು ತುದಿಯಲ್ಲಿ ಅದನ್ನು ಹೊರಬೇಕಾದ ಮಗು ಇದೆ. ಶಾಲೆಯಲ್ಲಿ ಜವಾನ ಮೇಲಿಂದ ಹುಯ್ದರಷ್ಟೇ ತನಗೆ ನೀರು ಸಿಗುತ್ತಿದ್ದುದನ್ನು, ಅವನಿಲ್ಲದ ದಿನ ಬಾಯಾರಿಯೇ ಇರಬೇಕಾದುದನ್ನು ಅಂಬೇಡ್ಕರ್ ಬರೆದಿಟ್ಟಿದ್ದಾರೆ. ಆ ದಾಹ ಮನಸ್ಸಿಗೆ ಏನು ಮಾಡುತ್ತದೆ ಎಂಬುದಕ್ಕೆ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದಲ್ಲಿ ನಡೆಸಿದ ಪ್ರಯೋಗ ಸಾಕ್ಷಿ. ಮೇಲ್ಜಾತಿಯ 321, ಕೆಳಜಾತಿಯೆನಿಸಿದ 321 ಶಾಲಾ ಬಾಲಕರಿಗೆ ಚಕ್ರವ್ಯೂಹದ ಒಗಟುಗಳನ್ನು ಕೊಟ್ಟರು. ಜಾತಿಯ ಮಾತೆತ್ತದಿದ್ದಾಗ ಎರಡೂ ಗುಂಪಿನವರ ಸಾಧನೆಯಲ್ಲಿ ಹೇಳಿಕೊಳ್ಳುವ ಅಂತರವಿರಲಿಲ್ಲ. ಎಲ್ಲರೆದುರು ಜಾತಿ ಹೇಳಿದಾಗ ಎರಡನೆಯ ಗುಂಪಿನ ಸಾಧನೆ ಗಣನೀಯವಾಗಿ ಕುಸಿಯಿತು.

ವಿದ್ಯಾರ್ಥಿವೇತನದ ಅರ್ಜಿ ತುಂಬಿಸಲು ‘ಎಸ್‌ಸಿ ಮಕ್ಕಳು ಎದ್ದು ನಿಲ್ಲಿ’ ಎಂದು ತರಗತಿಯಲ್ಲಿ ಕೂಗುವ ಮೇಷ್ಟರಿಗೆ ಕೆಡುಕಿನ ಉದ್ದೇಶವಿರುವುದಿಲ್ಲ. ಆದರೂ ಆ ಒಂದು ಕೂಗು ಪಂಕ್ತಿ ಕಟ್ಟಿದ್ದನ್ನು ಒಡೆಯಬಲ್ಲದು. ಅರ್ಜಿಯನ್ನು ಮಗುವಿನ ಕೈಗೆ ಸದ್ದಿಲ್ಲದೆ ಕೊಡಲು ಒಂದು ರೂಪಾಯಿಯ ಖರ್ಚೂ ಇಲ್ಲ.

5. ಅಂಬೇಡ್ಕರರ ಆಕ್ಷೇಪ

ಪಂಕ್ತಿಯ ಪರವಾದ ಈ ವಾದಕ್ಕೆ ಗಟ್ಟಿಯಾದ ಆಕ್ಷೇಪ ಅಂಬೇಡ್ಕರರದೇ. 1936ರ ‘ಜಾತಿ ವಿನಾಶ’ದಲ್ಲಿ ಅವರು ಸಹಭೋಜನ ಜಾತಿಪ್ರಜ್ಞೆಯನ್ನು ಕೊಲ್ಲಲಾರದು ಎಂದರು, ಅಂತರ್ಜಾತಿ ವಿವಾಹ ಬೇಕು, ಅದಕ್ಕೂ ಮಿಗಿಲಾಗಿ ಜಾತಿಯನ್ನು ಪವಿತ್ರಗೊಳಿಸಿದ ಶಾಸ್ತ್ರಗಳ ಅಧಿಕಾರ ಅಳಿಯಬೇಕು ಎಂದರು. ಕನ್ನಡದ ಚರಿತ್ರೆ ಈ ಮಾತನ್ನು ಸಮರ್ಥಿಸುತ್ತದೆ. ಹನ್ನೆರಡನೆಯ ಶತಮಾನದ ಶರಣರು ದಾಸೋಹದ ಪಂಕ್ತಿ ನಡೆಸಿದರು. ಆದರೆ ಪರಂಪರೆ ಹೇಳುವಂತೆ ಕಲ್ಯಾಣ ಹೊತ್ತಿ ಉರಿದದ್ದು ಹರಳಯ್ಯ ಮತ್ತು ಮಧುವರಸರ ಮನೆಗಳ ನಡುವಿನ ಅಂತರ್ಜಾತಿ ಮದುವೆಯಿಂದ. 1897ರಲ್ಲಿ ಮಂಗಳೂರಿನಲ್ಲಿ ದಲಿತೋದ್ಧಾರದ ಸಂಸ್ಥೆ ಕಟ್ಟಿದ ಕುದ್ಮುಲ್ ರಂಗರಾಯರು ಸ್ವಜಾತಿಯವರ ಬಹಿಷ್ಕಾರ ಉಂಡರು. ಮಗಳು ರಾಧಾಬಾಯಿಯನ್ನು ಜಾತಿಯಾಚೆ ಪಿ. ಸುಬ್ಬರಾಯನ್ ಅವರಿಗೆ ಕೊಟ್ಟು, ಮಾತನ್ನು ಮನೆಯೊಳಗೂ ನಡೆಸಿ ತೋರಿದರು.

ಆಕ್ಷೇಪವನ್ನು ಒಪ್ಪಿಯೂ ಒಂದು ಮಾತು ಹೇಳಬೇಕು. ಅಂಬೇಡ್ಕರರ ಕಣ್ಣಮುಂದಿದ್ದದ್ದು ದೊಡ್ಡವರು ಆಗೊಮ್ಮೆ ಈಗೊಮ್ಮೆ ಏರ್ಪಡಿಸುತ್ತಿದ್ದ ಸಹಭೋಜನ. ಬಿಸಿಯೂಟ ಆರನೆಯ ವಯಸ್ಸಿನಿಂದ ದಿನವೂ ನಡೆಯುವ ರೂಢಿ. ಅದು ಜಾತಿಯನ್ನು ಕೊಲ್ಲುವುದಿಲ್ಲ. ಜಾತಿ ಮೊದಲು ಕುಡಿಯೊಡೆಯುವ ಮಣ್ಣನ್ನು ಸಡಿಲಗೊಳಿಸುತ್ತದೆ. ಶಾಸ್ತ್ರವನ್ನು ಪ್ರಶ್ನಿಸುವ ವಿಚಾರ ಆ ಮಣ್ಣಿಗೆ ಬಿದ್ದಾಗ ಬೇರು ಬಿಡಲು ಎಡೆ ಸಿಗುತ್ತದೆ.

6. ಉಪಸಂಹಾರ

ಈ ಪರಿಶೀಲನೆಯಿಂದ ಮೂರು ಸಂಗತಿಗಳು ಹೊರಡುತ್ತವೆ. ಒಂದು, ಅಡುಗೆಯವರ ನೇಮಕದ ಆದ್ಯತೆಯನ್ನು ವಿರೋಧ ಬಂದಾಗಲೂ ಆಡಳಿತ ಉಳಿಸಿಕೊಳ್ಳಬೇಕು. ಅವರ ಗೌರವಧನ ಹೆಸರಿಗೆ ತಕ್ಕಂತಿರಬೇಕು. ಎರಡು, ಜಾತಿಯನ್ನು ತರಗತಿಯಲ್ಲಿ ಕೂಗುವ ಪದ್ಧತಿ ನಿಲ್ಲಬೇಕು. ಮೂರು, ಶಿಕ್ಷಕರು ಸಿಬ್ಬಂದಿ ಕೋಣೆಯಲ್ಲಿ ಡಬ್ಬಿ ಬಿಚ್ಚುವ ಬದಲು ಆ ಸಾಲಿನಲ್ಲೇ ಕೂತು, ಅದೇ ಸೌಟಿನಿಂದ ಉಣ್ಣಬೇಕು.

ಮೂರನೆಯದು ಸಣ್ಣದೆನಿಸಬಹುದು. ಆದರೆ ಮಗು ದೊಡ್ಡವರ ಉಪದೇಶಕ್ಕಿಂತ ಅವರ ಕೈಯನ್ನು ನೋಡುತ್ತದೆ. ಸೂರಿನ ಲೋಟದ ಪಾಠವನ್ನೂ ಅದು ಹಾಗೆಯೇ ಕಲಿತಿತ್ತು. ಅಡುಗೆಯಮ್ಮ ಬಡಿಸಿದ ಅನ್ನಕ್ಕೆ ಮೇಷ್ಟರ ಕೈ ತಡೆಯಿಲ್ಲದೆ ಇಳಿಯುವುದನ್ನು ನೋಡಿದ ಮಗುವಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.