ಮುಚ್ಚಿದ ಬಾಗಿಲಿನ ಆಟಕ್ಕೆ ಪ್ರೇಕ್ಷಕರು ಬಂದ ಕಥೆ

ಚೆನ್ನೈಯ ನಮ್ಮ ಸಂಘದ ಗೆಳತಿಯರು ಸಿಕ್ಕಾಗಲೆಲ್ಲ ನನ್ನನ್ನು ಹೊಸಬರಿಗೆ ಪರಿಚಯಿಸುವುದು ಹೀಗೆ: “ಇವರಿಗೆ ಮೂರು ಹುಚ್ಚು. ಟಿವಿ, ಕಛೇರಿ, ಹೆಂಗಸರ ಬ್ಯಾಸ್ಕೆಟ್‌ಬಾಲ್.” ಇಲ್ಲಿ ಕಛೇರಿ ಎಂದರೆ ನಾನು ದಿನವೂ ಕಡತ ಹೊರುವ ಕೇಂದ್ರ ಸರಕಾರದ ಕಚೇರಿಯಲ್ಲ, ಸಂಗೀತ ಕಛೇರಿ. ಮೊದಲಿನ ಎರಡು ಹುಚ್ಚುಗಳಿಗೆ ಈ ಊರಿನಲ್ಲಿ ವಿವರಣೆ ಬೇಕಿಲ್ಲ. ಮೂರನೆಯದಕ್ಕೆ ಮಾತ್ರ ತಪ್ಪದೆ ಒಂದು ಪ್ರಶ್ನೆ ಬರುತ್ತದೆ: “ಹೆಂಗಸರ ಆಟವನ್ನು ಯಾರು ನೋಡುತ್ತಾರಮ್ಮ?”

ಪ್ರಶ್ನೆ ಕೇಳಿದವರ ಮೇಲೆ ನನಗೆ ಸಿಟ್ಟಿಲ್ಲ. ಬಿ.ಎಸ್ಸಿ. ಓದುವಾಗ ನಾನೂ ನಮ್ಮೂರಿನ ಹೆಣ್ಣುಮಕ್ಕಳ ಕಾಲೇಜಿನ ತಂಡದಲ್ಲಿ ಆಡಿದವಳು. ನಮ್ಮ ಪಂದ್ಯಗಳಿಗೆ ಇದ್ದ ಪ್ರೇಕ್ಷಕರೆಂದರೆ ವ್ಯಾಯಾಮ ಶಿಕ್ಷಕಿ, ಕಾವಲುಗಾರ, ಮತ್ತು ಕಾಲು ಉಳುಕಿ ಕುಳಿತ ಒಬ್ಬಿಬ್ಬರು ಆಟಗಾರ್ತಿಯರು. ಒಮ್ಮೆ ನನ್ನ ತಂದೆ ಪಂದ್ಯ ನೋಡಲೆಂದು ಅಂಗಡಿ ಮುಚ್ಚಿ ಬಂದರು. ಗಂಡಸರಿಗೆ ಪ್ರವೇಶವಿಲ್ಲವೆಂದು ಗೇಟಿನಲ್ಲೇ ತಡೆದರು. ಅವರು ಕಾಂಪೌಂಡ್ ಗೋಡೆಯ ಹೊರಗೆ ಸೈಕಲ್ ಹಿಡಿದು ನಿಂತು, ಶಿಳ್ಳೆಯ ಸದ್ದು ಕೇಳಿ ಮನೆಗೆ ಹೋದರು. “ಗೆದ್ದಿರೇನಮ್ಮ?” ಎಂದು ರಾತ್ರಿ ಕೇಳಿದರು. ಸೋತಿದ್ದೆವು. ಆ ಗೋಡೆಗೂ ಒಂದು ಇತಿಹಾಸವಿದೆಯೆಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಆ ಕಥೆಯನ್ನೇ ಇಲ್ಲಿ ಹೇಳಹೊರಟಿದ್ದೇನೆ.

ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ, 1891ರ ಡಿಸೆಂಬರಿನಲ್ಲಿ. ಅಲ್ಲಿನ ವೈ.ಎಂ.ಸಿ.ಎ. ತರಬೇತಿ ಶಾಲೆಯ ಅಧ್ಯಾಪಕ ಜೇಮ್ಸ್ ನೈಸ್ಮಿತ್, ಚಳಿಗಾಲದಲ್ಲಿ ಒಳಗೇ ಆಡಬಹುದಾದ ಆಟವೊಂದು ಬೇಕೆಂದು 13 ನಿಯಮಗಳನ್ನು ಬರೆದ. ವ್ಯಾಯಾಮಶಾಲೆಯ ಉಪ್ಪರಿಗೆಯ ಅಂಚಿಗೆ, ನೆಲದಿಂದ 10 ಅಡಿ ಎತ್ತರದಲ್ಲಿ, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹೊಡೆಸಿದ. ತಳವಿದ್ದ ಬುಟ್ಟಿಗಳಾದ್ದರಿಂದ ಚೆಂಡು ಬಿದ್ದಾಗಲೆಲ್ಲ ಒಬ್ಬರು ಮೇಲೆ ಹತ್ತಿ ಅದನ್ನು ತೆಗೆಯಬೇಕಾಗುತ್ತಿತ್ತು.

ಅಲ್ಲಿಗೆ ಹತ್ತಿರದ ನಾರ್ಥಾಂಪ್ಟನ್ ಊರಿನಲ್ಲಿ ಸ್ಮಿತ್ ಕಾಲೇಜು ಎಂಬ ಹೆಣ್ಣುಮಕ್ಕಳ ಕಾಲೇಜಿದೆ. 1892ರಲ್ಲಿ ಅಲ್ಲಿಗೆ ವ್ಯಾಯಾಮ ಶಿಕ್ಷಕಿಯಾಗಿ ಬಂದವಳು ಸೆಂಡಾ ಬೆರೆನ್ಸನ್. ಲಿಥುವೇನಿಯದಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಬಂದ ಕುಟುಂಬದವಳು, ಎಳೆಯದರಲ್ಲಿ ರೋಗಿಷ್ಠೆ. ಅವಳು ಈ ಹೊಸ ಆಟವನ್ನು ಹುಡುಗಿಯರಿಗೆ ಕಲಿಸಿದಳು. ಆದರೆ ಕಾಲದ ಮಾತಿಗೆ ಅಂಜಿ ಅದನ್ನು ಮೆದುಗೊಳಿಸಿದಳು: ಅಂಕಣವನ್ನು ಮೂರು ಭಾಗ ಮಾಡಿ ಯಾರೂ ತಮ್ಮ ಭಾಗ ದಾಟಬಾರದೆಂದಳು, ಚೆಂಡನ್ನು ಕಸಿದುಕೊಳ್ಳಬಾರದು, ಮೂರು ಬಾರಿಗಿಂತ ಹೆಚ್ಚು ಪುಟಿಸಬಾರದು, ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿದಿಡಬಾರದು ಎಂದಳು.

1893ರ ಮಾರ್ಚ್ 22ರಂದು ಆ ಕಾಲೇಜಿನ ಮೊದಲ ಹಾಗೂ ಎರಡನೆಯ ವರ್ಷದ ಹುಡುಗಿಯರ ನಡುವೆ ಪಂದ್ಯ ನಡೆಯಿತು. ಗಂಡಸರು ಬರದಂತೆ ಬಾಗಿಲಿಗೆ ಬೀಗ ಹಾಕಿದ್ದರು. ಒಳಗೆ ಮಾತ್ರ ಹಬ್ಬವೋ ಹಬ್ಬ! ತಂತಮ್ಮ ತರಗತಿಯ ಬಣ್ಣ ತೊಟ್ಟ ವಿದ್ಯಾರ್ಥಿನಿಯರು ಹಾಡು ಕಟ್ಟಿ ಹಾಡಿದರು. ಎರಡನೆಯ ವರ್ಷದವರು 5–4ರಿಂದ ಗೆದ್ದರು. ಮೂರು ವರ್ಷದ ಮೇಲೆ, 1896ರ ಏಪ್ರಿಲ್ 4ರಂದು, ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಹುಡುಗಿಯರು ಸೆಣಸಿದರು. ಸ್ಟ್ಯಾನ್‌ಫರ್ಡ್ 2–1ರಿಂದ ಗೆದ್ದಿತು. ನೂರಾರು ಹೆಂಗಸರು ನೋಡಿದರು. ಅಲ್ಲಿಯೂ ಗಂಡಸರಿಗೆ ಪ್ರವೇಶವಿರಲಿಲ್ಲ. ನೋಡುವ ಆಸೆ ಜನರಿಗೆ ಮೊದಲ ದಿನದಿಂದಲೂ ಇತ್ತು, ನೋಡಗೊಡದ ಬಾಗಿಲೂ ಮೊದಲ ದಿನದಿಂದಲೇ ಇತ್ತು ಎಂಬುದನ್ನು ಓದುಗರು ಗಮನಿಸಬೇಕು.

ಬಾಗಿಲು ತೆರೆದಲ್ಲಿ ಏನಾಯಿತು? ಮೊಂಟಾನಾ ರಾಜ್ಯದ ಫೋರ್ಟ್ ಷಾ ಎಂಬಲ್ಲಿ ಅಮೆರಿಕದ ಮೂಲನಿವಾಸಿಗಳ ಮಕ್ಕಳಿಗಾಗಿ ಸರಕಾರ ನಡೆಸುತ್ತಿದ್ದ ವಸತಿಶಾಲೆಯೊಂದಿತ್ತು. ಮಕ್ಕಳಿಂದ ಅವರ ನುಡಿ–ನಡೆಗಳನ್ನು ಬಿಡಿಸುವುದೇ ಇಂಥ ಶಾಲೆಗಳ ಉದ್ದೇಶ. ಆ ಶಾಲೆಯ ಹುಡುಗಿಯರು 1904ರಲ್ಲಿ ಸೇಂಟ್ ಲೂಯಿಸ್‌ನ ವಿಶ್ವಪ್ರದರ್ಶನಕ್ಕೆ ಹೋದರು. ಆಟದ ಜೊತೆಗೆ ಮ್ಯಾಂಡೊಲಿನ್ ನುಡಿಸಿ, ಪದ್ಯ ಹೇಳಿ ಜನರನ್ನು ರಂಜಿಸಿದರು. ಅಂಕಣದಲ್ಲಿ ಎದುರಾದವರನ್ನೆಲ್ಲ ಸೋಲಿಸಿ ಪಾರಿತೋಷಕ ಗೆದ್ದರು. ಸಂಗೀತವೂ ಆಟವೂ ಒಂದೇ ಕೈಗಳಿಂದ ಹೊಮ್ಮಿದ ಈ ಪ್ರಸಂಗ ನನಗೆ ತುಂಬ ಪ್ರಿಯ. ಅವರನ್ನು ನೋಡಲು ಜನ ಬಂದದ್ದು ಪ್ರದರ್ಶನದ ಒಂದು ವಿಚಿತ್ರವೆಂದು ಇರಬಹುದು. ಹಾಗಾದರೂ ಅವರ ಆಟ ಜನರ ಕಣ್ಣಿಗೆ ಬಿತ್ತು.

1920ರ ದಶಕದಲ್ಲಿ ಬಾಗಿಲು ಮತ್ತೆ ಮುಚ್ಚಿತು. ಹೆಣ್ಣುಮಕ್ಕಳು ಆರೋಗ್ಯಕ್ಕಾಗಿ ಆಡಲಿ, ಸ್ಪರ್ಧೆ ಬೇಡ, ಟಿಕೆಟು ಬೇಡ, ನೆರೆದ ಜನ ಬೇಡ ಎಂದು ಶಿಕ್ಷಣತಜ್ಞೆಯರೇ ಸಂಘ ಕಟ್ಟಿ ಪ್ರಚಾರ ಮಾಡಿದರು. ಅವರ ಉದ್ದೇಶ ಕೆಟ್ಟದ್ದಲ್ಲ; ಹುಡುಗಿಯರನ್ನು ತೋರಿಕೆಯ ವಸ್ತುವಾಗಿಸಬಾರದೆಂಬ ಕಾಳಜಿ ಅದರಲ್ಲಿತ್ತು. ಆದರೆ ಊರೂರಿನ ಪಂದ್ಯಾವಳಿಗಳು ನಿಂತುಹೋದವು.

ಮಾತು ಕೇಳದ ಒಂದು ರಾಜ್ಯವಿತ್ತು: ಜೋಳದ ಹೊಲಗಳ ಅಯೋವಾ. 1925ರಲ್ಲಿ ಅಲ್ಲಿಯೂ ಶಾಲೆಗಳ ಕ್ರೀಡಾಸಂಸ್ಥೆ ಹುಡುಗಿಯರ ಪಂದ್ಯಾವಳಿಯನ್ನು ಕೈಬಿಟ್ಟಿತು. ಆಗ ಸಣ್ಣ ಊರುಗಳ ಶಾಲಾಧಿಕಾರಿಗಳು ಬೇರೆಯಾಗಿ ಹುಡುಗಿಯರಿಗಾಗಿಯೇ ಒಂದು ಸಂಸ್ಥೆ ಕಟ್ಟಿದರು. ತಂಡಕ್ಕೆ ಆರು ಮಂದಿ. ಮೂವರು ಚೆಂಡು ಹಾಕುವವರು, ಮೂವರು ತಡೆಯುವವರು. ನಡುಗೆರೆ ದಾಟುವಂತಿಲ್ಲ, ಎರಡು ಸಲಕ್ಕಿಂತ ಹೆಚ್ಚು ಪುಟಿಸುವಂತಿಲ್ಲ. ಬೆರೆನ್ಸನ್ ಹಾಕಿಕೊಟ್ಟ ಕಟ್ಟಳೆಗಳ ವಂಶವೇ ಇದು. ಈ ಹಳೆಯ ಕ್ರಮ ಅಲ್ಲಿ 1993ರವರೆಗೂ ನಡೆಯಿತು. ನಮ್ಮಲ್ಲಿ ಜಾತ್ರೆಗೆ ಹೋಗುವಂತೆ ಮಾರ್ಚ್ ತಿಂಗಳಲ್ಲಿ ಊರಿಗೆ ಊರೇ ರಾಜಧಾನಿ ಡೆ ಮಾಯ್ನ್‌ಗೆ ಹೊರಡುತ್ತಿತ್ತು. ಅಲ್ಲಿನ ಸುಮಾರು 15,000 ಆಸನಗಳ ಸಭಾಂಗಣ ತುಂಬುತ್ತಿತ್ತು. ಹೋಗಲಾರದವರಿಗೆ ಟೆಲಿವಿಷನ್ ಇತ್ತು. 1968ರ ಅಂತಿಮ ಪಂದ್ಯದಲ್ಲಿ ಯೂನಿಯನ್–ವಿಟನ್ ಶಾಲೆಯು ಎವರ್ಲಿ ಶಾಲೆಯನ್ನು ಹೆಚ್ಚುವರಿ ಆಟದಲ್ಲಿ 113–107ರಿಂದ ಸೋಲಿಸಿತು. ಗೆದ್ದ ತಂಡದ ಡೆನೀಸ್ ಲಾಂಗ್ ಒಬ್ಬಳೇ 64 ಅಂಕ ಗಳಿಸಿದಳು. ಸೋತ ತಂಡದ ಜೆನೆಟ್ ಓಲ್ಸನ್ 76! ಮರುವರ್ಷ ಸ್ಯಾನ್‌ಫ್ರಾನ್ಸಿಸ್ಕೋದ ಗಂಡಸರ ವೃತ್ತಿಪರ ತಂಡವೊಂದು ಡೆನೀಸಳ ಹೆಸರನ್ನು ತನ್ನ ಆಯ್ಕೆಪಟ್ಟಿಯಲ್ಲಿ ಸೇರಿಸಿತು. ಲೀಗ್ ಅದನ್ನು ರದ್ದುಪಡಿಸಿತು.

ಅಯೋವಾದ ಹುಡುಗಿಯರು ಮಾತ್ರ ಬೇರೆ ಮಣ್ಣಿನವರೇ? ಅಲ್ಲ. ಅಲ್ಲಿನ ಊರಿನವರು ಬಂದು ಕುಳಿತರು, ಅಷ್ಟೇ.

1972ರ ಜೂನ್ 23ರಂದು ಅಮೆರಿಕದಲ್ಲಿ ಒಂದು ಕಾನೂನು ಬಂದಿತು. ಕೇಂದ್ರ ಸರಕಾರದ ಹಣ ಪಡೆಯುವ ಯಾವ ಶಿಕ್ಷಣ ಕಾರ್ಯಕ್ರಮವೂ ಲಿಂಗಭೇದ ಮಾಡಬಾರದೆಂಬ ‘ಟೈಟಲ್ ನೈನ್’ ಅದು. ಇಂಗ್ಲಿಷಿನಲ್ಲಿ 37 ಪದಗಳ ಒಂದು ವಾಕ್ಯ. ಅದರಲ್ಲಿ ಆಟವೆಂಬ ಶಬ್ದವೇ ಇಲ್ಲ. ನಿಯಮಾವಳಿಗಳ ನಡುವೆಯೇ ಬದುಕು ಸವೆಸುವ ನನ್ನಂಥ ಗುಮಾಸ್ತೆಗೆ, ಒಂದು ವಾಕ್ಯಕ್ಕೆ ಇಷ್ಟು ಶಕ್ತಿಯಿದೆಯೆಂದು ಓದಿ ಕೊಂಚ ಹೆಮ್ಮೆಯೂ ಆಯಿತು. ಕಾಲೇಜುಗಳು ಹುಡುಗಿಯರ ತಂಡಗಳಿಗೂ ಹಣ, ಅಂಕಣ, ತರಬೇತಿ ಕೊಡಲೇಬೇಕಾಯಿತು.

ಅದೇ ವರ್ಷ ಫಿಲಡೆಲ್ಫಿಯದ ಬಳಿಯ ಇಮ್ಯಾಕ್ಯುಲೇಟಾ ಎಂಬ ಸಣ್ಣ ಕ್ರೈಸ್ತ ಮಹಿಳಾ ಕಾಲೇಜು ರಾಷ್ಟ್ರೀಯ ಪಂದ್ಯಾವಳಿ ಗೆದ್ದಿತು. ದಾರಿಖರ್ಚಿಗೆ ಆ ಹುಡುಗಿಯರು ಹಲ್ಲುಜ್ಜುವ ಬ್ರಷ್ ಮಾರಿದ್ದರು. ಹಣ ಸಾಲದೆ ಎಂಟೇ ಮಂದಿ ವಿಮಾನ ಹತ್ತಿದ್ದರು. ಊರಿನ ಪಂದ್ಯಗಳಿಗೆ ಕಾಲೇಜಿನ ಸನ್ಯಾಸಿನಿಯರು ಬಂದು ಕುಳಿತು ಬಕೆಟ್ ಬಡಿದು ಹುರಿದುಂಬಿಸುತ್ತಿದ್ದರು. ಆ ಬಕೆಟ್ಟಿನ ಸದ್ದು ದೂರಕ್ಕೆ ಕೇಳಿತು. 1975ರ ಜನವರಿಯಲ್ಲಿ ಈ ತಂಡದ ಪಂದ್ಯ ದೇಶದಾದ್ಯಂತ ಟೆಲಿವಿಷನ್ನಿನಲ್ಲಿ ಬಂದಿತು. ಫೆಬ್ರವರಿ 22ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಸುಮಾರು 12,000 ಜನ ಅವರ ಆಟ ನೋಡಿದರು.

1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮಹಿಳಾ ಬ್ಯಾಸ್ಕೆಟ್‌ಬಾಲ್‌ಗೆ ಮೊದಲ ಬಾರಿ ಸ್ಥಾನ ಸಿಕ್ಕಿತು. ಚಿನ್ನ ಸೋವಿಯತ್ ಒಕ್ಕೂಟಕ್ಕೆ, ಬೆಳ್ಳಿ ಅಮೆರಿಕಕ್ಕೆ. ಮೊದಲ ಅಂಕಗಳು ಮಾತ್ರ ಮಿಸಿಸಿಪ್ಪಿಯ ಕಪ್ಪು ಕುಟುಂಬವೊಂದರ ಮಗಳು ಲೂಸಿಯಾ ಹ್ಯಾರಿಸ್‌ಳದು. ಕಾಲೇಜಿಗೆ ಮೂರು ಬಾರಿ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟ ಆಕೆಗೆ ಮುಂದೆ ಆಡಲು ತನ್ನ ದೇಶದಲ್ಲಿ ಮಹಿಳೆಯರ ವೃತ್ತಿಪರ ಲೀಗೇ ಇರಲಿಲ್ಲ. 1978ರಲ್ಲಿ ಒಂದು ಲೀಗ್ ಹುಟ್ಟಿ 1981ರಲ್ಲಿ ಹಣವಿಲ್ಲದೆ ಮುಚ್ಚಿತು. ಲೂಸಿಯಾಳನ್ನು ದೇಶ ಬಹುಮಟ್ಟಿಗೆ ಮರೆತಿತು. ಅವಳನ್ನು ಕುರಿತ 2021ರ ಕಿರುಚಿತ್ರಕ್ಕೆ 2022ರ ಮಾರ್ಚಿನಲ್ಲಿ ಆಸ್ಕರ್ ಬಂದಾಗ, ಅವಳು ತೀರಿಕೊಂಡು ಎರಡು ತಿಂಗಳಾಗಿತ್ತು.

ಇಲ್ಲಿ ಟೆಲಿವಿಷನ್ನಿನ ಲೆಕ್ಕಾಚಾರ ಬರುತ್ತದೆ. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬ ನಮ್ಮ ಗಾದೆಯಂತೆ: ನೋಡುವವರಿಲ್ಲವೆಂದು ವಾಹಿನಿಗಳು ತೋರಿಸಲಿಲ್ಲ, ತೋರಿಸಲಿಲ್ಲವೆಂದು ಜನ ನೋಡಲಿಲ್ಲ. 1997ರಲ್ಲಿ ಡಬ್ಲ್ಯು.ಎನ್.ಬಿ.ಎ. ಎಂಬ ಲೀಗ್ ಆರಂಭವಾಗಿ ಉಳಿದುಕೊಂಡಿತು. ಆದರೂ ಗಾದೆ ಸಡಿಲವಾಗಲಿಲ್ಲ. 2021ರ ಮಾರ್ಚಿನಲ್ಲಿ ಕಾಲೇಜು ಪಂದ್ಯಾವಳಿ ನಡೆದಾಗ ಗಂಡಸರಿಗೆ ದೊಡ್ಡ ವ್ಯಾಯಾಮಶಾಲೆ, ಹೆಂಗಸರಿಗೆ ಕೈಯಲ್ಲೆತ್ತುವ ತೂಕಗಳ ಒಂದು ಸಣ್ಣ ಗೂಡು! ಆಟಗಾರ್ತಿಯೊಬ್ಬಳು ಫೋನಿನಲ್ಲಿ ಚಿತ್ರ ತೆಗೆದು ಲೋಕಕ್ಕೆ ತೋರಿಸಿದಳು. ಆಮೇಲೆ ನಡೆದ ವಿಚಾರಣೆಯ ವರದಿ, ಹೆಂಗಸರ ಪಂದ್ಯಾವಳಿಯ ಪ್ರಸಾರದ ಹಕ್ಕನ್ನು ಅದರ ನಿಜವಾದ ಬೆಲೆಗಿಂತ ಬಹಳ ಕಡಿಮೆಗೆ ಕೊಡಲಾಗಿದೆ ಎಂದು ಹೇಳಿತು.

ಗಾದೆಯ ಗಂಟು ಬಿಚ್ಚಿದ್ದು 2024ರ ಏಪ್ರಿಲ್ 7ರಂದು. ಕಾಲೇಜು ಮಹಿಳೆಯರ ಅಂತಿಮ ಪಂದ್ಯದಲ್ಲಿ ಸೌತ್ ಕ್ಯಾರೊಲೈನಾ ತಂಡ ಅಯೋವಾ ತಂಡವನ್ನು 87–75ರಿಂದ ಸೋಲಿಸಿತು. ಅಮೆರಿಕದಲ್ಲಿ ಅದನ್ನು ಟಿವಿಯಲ್ಲಿ ನೋಡಿದವರು ಸರಾಸರಿ 1 ಕೋಟಿ 89 ಲಕ್ಷ ಜನ. ಮರುದಿನದ ಗಂಡಸರ ಪಂದ್ಯಕ್ಕೆ 1 ಕೋಟಿ 48 ಲಕ್ಷ. ಗಂಡಸರ ಅಂತಿಮ ಪಂದ್ಯಕ್ಕಿಂತ ಹೆಂಗಸರದನ್ನು ಹೆಚ್ಚು ಜನ ನೋಡಿದ್ದು ಅದೇ ಮೊದಲು. ಸೋತ ತಂಡದ ಕೇಟ್ಲಿನ್ ಕ್ಲಾರ್ಕ್‌ಳನ್ನು ನೋಡಲೆಂದೇ ಬಹಳ ಮಂದಿ ಕುಳಿತಿದ್ದರು. ಅವಳ ಊರು ಯಾವುದು ಗೊತ್ತೇ? ವೆಸ್ಟ್ ಡೆ ಮಾಯ್ನ್, ಅಯೋವಾ. ತುಂಬಿದ ಆ ಹಳೆಯ ಸಭಾಂಗಣದ ಪಕ್ಕದ ಊರು. ಬಿತ್ತಿದ್ದು ಯಾವ ಕಾಲದಲ್ಲೋ, ಬೆಳೆ ಬಂದದ್ದು ಈಗ!

ಇದಕ್ಕೂ ನಮಗೂ ಏನು ಸಂಬಂಧ ಎನ್ನಬಹುದು. ಸಂಬಂಧ ನಮ್ಮ ಚೆನ್ನೈಯಲ್ಲೇ ಇದೆ. ಆಟ ಹುಟ್ಟಿದ ಅದೇ ಸ್ಪ್ರಿಂಗ್‌ಫೀಲ್ಡ್ ಶಾಲೆಯಲ್ಲಿ ಕಲಿತ ಹ್ಯಾರಿ ಕ್ರೋ ಬಕ್ 1920ರಲ್ಲಿ ಸ್ಥಾಪಿಸಿದ್ದೇ ಇಲ್ಲಿನ, ಈಗ ನಂದನಂನಲ್ಲಿರುವ, ವೈ.ಎಂ.ಸಿ.ಎ. ವ್ಯಾಯಾಮ ಶಿಕ್ಷಣ ಕಾಲೇಜು. ಈ ನಗರದಲ್ಲಿ ಬೆಳೆದು ಭಾರತ ತಂಡದ ನಾಯಕಿಯಾಗಿದ್ದ ಅನಿತಾ ಪೌಲ್‌ದೊರೈ ಅವರಿಗೆ 2021ರಲ್ಲಿ ಪದ್ಮಶ್ರೀ ಬಂದಿತು. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ಹೆಣ್ಣುಮಕ್ಕಳು ಏಷ್ಯಾ ಕಪ್ಪಿನ ಎರಡನೆಯ ವಿಭಾಗದ ಅಂತಿಮ ಪಂದ್ಯದಲ್ಲಿ ಕಜಕಸ್ತಾನವನ್ನು 75–73ರಿಂದ ಸೋಲಿಸಿ ಮೇಲಿನ ವಿಭಾಗಕ್ಕೆ ಏರಿದರು. ನಮ್ಮ ಸಂಘದಲ್ಲಿ ಎಷ್ಟು ಜನರಿಗೆ ಇದು ನೆನಪಿದೆ?

ಡಿಸೆಂಬರಿನ ಸಂಗೀತೋತ್ಸವದಲ್ಲಿ ಸಭೆಗಳು ಮಧ್ಯಾಹ್ನ ಹೊಸಬರಿಗೆ ಅವಕಾಶ ಕೊಡುತ್ತವೆ. ಟಿಕೆಟ್ಟಿಲ್ಲ. ಹತ್ತು–ಹದಿನೈದು ಮಂದಿ ಹಿರಿಯರು ಬಂದು ಕುಳಿತು, ತಾಳ ಹಾಕಿ, ತಪ್ಪಿದರೂ ತಲೆದೂಗುತ್ತಾರೆ. ಹತ್ತು ವರ್ಷದ ಮೇಲೆ ಸಂಜೆಯ ಕಛೇರಿಗೆ ಏರುವ ಗಾಯಕಿ ಆ ಹದಿನೈದು ಮಂದಿಯ ಸಾಲದಲ್ಲಿರುತ್ತಾಳೆ. ರಸಿಕನೆಂದರೆ ಕಲೆ ಹಣ್ಣಾದ ಮೇಲೆ ತಿನ್ನಲು ಬರುವವನಲ್ಲ, ಗಿಡವಿದ್ದಾಗ ನೀರೆರೆಯುವವನು. ಆದರೆ ನಮ್ಮ ಸಂಘದ ಕ್ರೀಡಾದಿನದಂದು ಹೆಣ್ಣುಮಕ್ಕಳ ಆಟ ಶುರುವಾಗುವ ಹೊತ್ತಿಗೆ ಎಲ್ಲರೂ ಬಿಸಿಬೇಳೆಬಾತಿನ ಸಾಲಿನಲ್ಲಿರುತ್ತೇವೆ.

ಬೇರೆಯವರಿಗೆ ಉಪದೇಶ ಮಾಡುವ ಮೊದಲು ನನ್ನ ತಪ್ಪೊಪ್ಪಿಗೆ. ಆ ಅಂತಿಮ ಪಂದ್ಯದ ಮುಖ್ಯ ಭಾಗಗಳನ್ನು ಮರುದಿನ ಸಂಜೆ ಮನೆಯಲ್ಲಿ ಬಾಯಿಬಿಟ್ಟುಕೊಂಡು ನೋಡುತ್ತಿದ್ದೆ. ಹೈಸ್ಕೂಲಿನಲ್ಲಿ ಓದುವ, ಶಾಲೆಯ ತಂಡದಲ್ಲಿ ಆಡುವ ನನ್ನ ಮಗಳು ಪಕ್ಕದಲ್ಲಿ ನಿಂತು ಕೇಳಿದಳು: “ಅಮ್ಮಾ, ಟಿವಿಯಲ್ಲಿ ಬಂದ್ರೆ ಮಾತ್ರ ನೋಡ್ತೀಯಾ?” ಆ ವರ್ಷ ಅವಳ ಒಂದು ಪಂದ್ಯಕ್ಕೂ ನಾನು ಹೋಗಿರಲಿಲ್ಲ. ಕಚೇರಿ, ತಿಂಗಳ ಕೊನೆ, ಬಸ್ಸು, ನೆಪಗಳಿಗೇನು ಬರ?

ಮುಂದಿನ ಪಂದ್ಯಕ್ಕೆ ಅರ್ಧ ದಿನ ರಜೆ ಹಾಕಿ ಹೋದೆ. ಗೇಟಿನಲ್ಲಿ ಯಾರೂ ತಡೆಯಲಿಲ್ಲ. ಗೋಡೆಯಾಚೆ ನಿಂತ ನನ್ನ ತಂದೆಗೆ ಸಿಗದ ಕಲ್ಲುಬೆಂಚು ಖಾಲಿಯಿತ್ತು, ಕುಳಿತೆ. ಮಗಳ ತಂಡ ಸೋತಿತು. ಮಗಳು ಆಟದ ನಡುವೆ ಎರಡು ಸಲ ನನ್ನ ಕಡೆ ನೋಡಿದಳು. ಬೆಂಚಿನಲ್ಲಿ ಇನ್ನೂ ಬಹಳ ಜಾಗವಿದೆ, ದಯಮಾಡಿ ಬನ್ನಿ.